ಹಳ್ಳಿ, ಹಲ್ಲಿ ಮತ್ತು ಕೀಲಿಮಣೆ

ಕಳೆದ ವರ್ಷ ಆಂತರಿಕ ಮೌಲ್ಯಮಾಪನಕ್ಕೆಂದು ಪ್ರಥಮ ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಊರಿನ ಕುರಿತು ಎರಡು ಪುಟಗಳ ಪ್ರಬಂಧವನ್ನು ತಾನೇ ಬೆರಳಚ್ಚಿಸಿ ತಂದಿದ್ದ. ಮೊದಲ ಎರಡು ವಾಕ್ಯಗಳು ಹೀಗಿದ್ದವು: "ನನ್ನ ಹಲ್ಲಿ ಅಕ್ಕಲಕೋಟೆ ತಾಲೂಕಿನಲ್ಲಿದೆ. ನನ್ನ ಹಲ್ಲಿಯಲ್ಲಿ ಎಂಟುನೂರು ಜನ ವಾಸಿಸುತ್ತಾರೆ." ಗೋಡೆಯ ಮೇಲಿನ ಆ ಬಡಜೀವಿಯ ಹೊಟ್ಟೆಯಲ್ಲಿ ಎಂಟುನೂರು ಜನ ಸಂಸಾರ ಹೂಡಿರುವ ದೃಶ್ಯವನ್ನು ನೆನೆದು ನಾನು ನಕ್ಕೆ, ಬಳಿಕ ಅವನನ್ನು ಕರೆದು ಓದಿಸಿದೆ. ಅವನು ತಪ್ಪಿಲ್ಲದೆ "ಹಳ್ಳಿ" ಎಂದೇ ಓದಿದ. ಅವನ ನಾಲಗೆಯಲ್ಲಿ ದೋಷವಿರಲಿಲ್ಲ. ದೋಷವಿದ್ದುದು ನಾಲಗೆಯಿಂದ ಪರದೆಗೆ ಹೋಗುವ ದಾರಿಯಲ್ಲಿ. ಕನ್ನಡ ಪದವನ್ನು ಅವನು ರೋಮನ್ ಅಕ್ಷರಗಳಲ್ಲಿ ಒತ್ತಿದ್ದ. ಅವನು ಬಳಸಿದ ಲಿಪ್ಯಂತರ ತಂತ್ರಾಂಶದಲ್ಲಿ ಸಣ್ಣ 'ಎಲ್' ಲಕಾರವಾಗುತ್ತದೆ, ದೊಡ್ಡ 'ಎಲ್' ಳಕಾರವಾಗುತ್ತದೆ. ದೊಡ್ಡದನ್ನು ಒತ್ತಬೇಕಾದಲ್ಲಿ ಅವನು ಸಣ್ಣದನ್ನು ಒತ್ತಿದ. ಊರು ಗೋಡೆ ಹತ್ತಿತು.

ನಗೆಯ ಮಾತು ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಈ ಗಡಿಭಾಗದಲ್ಲಿ ಕನ್ನಡ ಕಲಿಸುವ ನನಗೆ ಅದು ಅಲ್ಲಿಗೆ ಮುಗಿಯಲಿಲ್ಲ. ನಮ್ಮ ವಿದ್ಯಾರ್ಥಿಗಳ ಒಂದು ದಿನದ ಬರವಣಿಗೆಯನ್ನು ಗಮನಿಸಿ. ಮನೆಯಲ್ಲಿ ಅವ್ವನೊಡನೆ ಆಡುವುದು ಕನ್ನಡ. ಕಚೇರಿಗೆ ಬರೆಯುವ ಅರ್ಜಿ ಮರಾಠಿ. ಗೆಳೆಯರಿಗೆ ಕಳುಹಿಸುವ ವಾಟ್ಸ್‌ಆ್ಯಪ್ ಸಂದೇಶ ಕನ್ನಡವಾದರೂ ಲಿಪಿ ಮಾತ್ರ ರೋಮನ್. ಪರೀಕ್ಷೆಯ ಉತ್ತರಪತ್ರಿಕೆಯೊಂದನ್ನು ಬಿಟ್ಟರೆ ಕನ್ನಡ ಲಿಪಿಗೆ ಅವರ ದಿನದಲ್ಲಿ ಜಾಗವೇ ಇಲ್ಲ. ವರ್ಷಕ್ಕೆ ಎರಡು ಬಾರಿ ಮಾತ್ರ ಹೊರಬರುವ ಲಿಪಿ ಟ್ರಂಕಿನ ತಳದಲ್ಲಿಟ್ಟ ರೇಷ್ಮೆ ಸೀರೆಯಂತೆ ಮಡಿಕೆಯಲ್ಲೇ ಹರಿಯುತ್ತದೆ.

ರೋಮನ್ ಲಿಪಿಯ ಕನ್ನಡದಲ್ಲಿ ವಿನೋದಕ್ಕೇನೂ ಕೊರತೆಯಿಲ್ಲ. ಬಳೆಯೂ ಬಲೆಯೂ ಅಲ್ಲಿ ಒಂದೇ. ಅಕ್ಕನಿಗೆ ತಮ್ಮ ತಂದದ್ದು ಯಾವುದೆಂದು ಭಾವನೇ ನಿರ್ಧರಿಸಬೇಕು. "ಹಾಲು ಹಾಳಾಯಿತು" ಎಂದು ಬರೆದರೆ ಎರಡು ಪದಗಳೂ ಒಂದೇ ಕಾಗುಣಿತದಲ್ಲಿ ಮೊದಲಾಗುತ್ತವೆ. ಸ್ಥೂಲಕಾಯದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ನಾನೇ ಒಮ್ಮೆ "ಹೇಗೆ ಇದ್ದೀರಿ" ಎಂದು ರೋಮನ್‌ನಲ್ಲಿ ಬರೆದೆ. ಮೊಬೈಲಿನ ತಿದ್ದುಪಡಿ ವ್ಯವಸ್ಥೆ 'ಹೇಗೆ'ಯನ್ನು ಇಂಗ್ಲಿಷಿನ 'ಹ್ಯೂಜ್' ಮಾಡಿ ಕಳುಹಿಸಿತು. ಪುಣ್ಯಕ್ಕೆ ಅವರು ನಗುವ ಸ್ವಭಾವದವರು. "ಇದ್ದದ್ದು ಇದ್ದಾಂಗ ಬರದೀರಿ" ಎಂದು ಉತ್ತರಿಸಿದರು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೆ ರೋಮನ್‌ನ ಸಹವಾಸವಿಲ್ಲದೆ ಎರಡೂ ಲಿಪಿಗಳನ್ನು ಬರೆಯಿಸುವ ಒಂದು ಕೀಲಿಮಣೆ ಬಹುಕಾಲದಿಂದ ಸಿದ್ಧವಿದೆ. ಅದರ ಹೆಸರು ಇನ್‌ಸ್ಕ್ರಿಪ್ಟ್. ಅದನ್ನು ನಮ್ಮ ವಿಭಾಗ ಕಲಿಸಬೇಕು.

ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ, ಆಮೇಲೆ ಮರಾಠಿ ಮಾಧ್ಯಮದಲ್ಲಿ ಓದಿದವನು. ಕನ್ನಡದ ಕಕಾರ ದುಂಡಗೆ ಕುಳಿತುಕೊಳ್ಳುವುದನ್ನೂ ಮರಾಠಿಯ ಕಕಾರ ಒಗೆದ ಬಟ್ಟೆಯಂತೆ ಗೆರೆಗೆ ಜೋತುಬೀಳುವುದನ್ನೂ ಒಂದೇ ಪಾಟಿಯ ಎರಡು ಮಗ್ಗುಲಲ್ಲಿ ತಿದ್ದಿದ್ದೇನೆ. ವಿಭಾಗದ ಪತ್ರವ್ಯವಹಾರಕ್ಕಾಗಿ ಮರಾಠಿ ಬೆರಳಚ್ಚು ಕಲಿಯಬೇಕಾಗಿ ಬಂದಾಗ ಕಲಿತದ್ದು ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು. ಮೊದಲ ಹದಿನೈದು ದಿನ ಬೆರಳುಗಳು ದಾರಿ ತಪ್ಪಿದ ದನಗಳಂತೆ ಅಲೆದವು. ಬಳಿಕ ಒಂದು ಸಂಜೆ ಕುತೂಹಲಕ್ಕೆಂದು ಗಣಕಯಂತ್ರದ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಮರಾಠಿಗೆ ಒತ್ತುತ್ತಿದ್ದ ಕೀಲಿಗಳನ್ನೇ ಒತ್ತಿದೆ. ಪರದೆಯ ಮೇಲೆ ಕನ್ನಡ ಮೂಡಿತು. ಕಲಿಯದೆಯೇ ನನಗೆ ಕನ್ನಡ ಬೆರಳಚ್ಚು ಬಂದುಬಿಟ್ಟಿತ್ತು!

ಇದರಲ್ಲಿ ಪವಾಡವೇನೂ ಇಲ್ಲ. ಭಾರತದ ಲಿಪಿಗಳ ರೂಪ ಎಷ್ಟೇ ಬೇರೆಯಾದರೂ ವರ್ಣಮಾಲೆಯ ಒಳಚೌಕಟ್ಟು ಬಹುಮಟ್ಟಿಗೆ ಒಂದೇ. ಸ್ವರಗಳು, ಕವರ್ಗ, ಚವರ್ಗ ಎಂದು ನಾವು ಪಾಟಿಯ ಮೇಲೆ ಕಲಿತ ಕ್ರಮವೇ ಎಲ್ಲಕ್ಕೂ ಆಧಾರ. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಭಾರತೀಯ ಭಾಷಾ ಗಣಕ ಕಾರ್ಯಕ್ಕೂ ಇದೇ ತಳಹದಿ. ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೆ 1991ರಲ್ಲಿ ಭಾರತೀಯ ಮಾನಕದ ಮನ್ನಣೆಯೂ ದೊರೆಯಿತು. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುತೇಕ ಬಲಗೈಗೆ. ಯಾವ ಕೀಲಿ ಮರಾಠಿಯಲ್ಲಿ ಕಕಾರವೋ ಅದೇ ಕೀಲಿ ಕನ್ನಡದಲ್ಲಿಯೂ ಕಕಾರ. ಪ್ರಮಾಣ ಹಿಂದಿಯ ವರ್ಣಮಾಲೆಗೆ ಬೇಡವಾದ ಳಕಾರ ಮರಾಠಿಯ 'ಸಕಾಳ'ಕ್ಕೂ ಬೇಕು, ನಮ್ಮ ಹಳ್ಳಿಗೂ ಬೇಕು. ಎರಡಕ್ಕೂ ಅದು ಲಕಾರದ ಕೀಲಿಯ ಮೇಲ್ಮನೆಯಲ್ಲಿಯೇ ವಾಸಿಸುತ್ತದೆ.

ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟ ಯೂನಿಕೋಡ್ ಕೂಡ ಈ ನೆಂಟಸ್ತನವನ್ನು ಉಳಿಸಿಕೊಂಡಿದೆ. ಮರಾಠಿ ಬರೆಯುವ ದೇವನಾಗರಿಯ ಕಕಾರದ ಸಂಖ್ಯೆ 2325; ಕನ್ನಡದ ಕಕಾರದ್ದು 3221. ನಡುವಿನ ಅಂತರ 896. ದೇವನಾಗರಿಯ ಳಕಾರ 2355, ಕನ್ನಡದ್ದು 3251; ಅಂತರ ಮತ್ತೆ 896. ಗಣಕಯಂತ್ರದ ಲೆಕ್ಕದಲ್ಲಿ ಸೀನೆ ನದಿಯ ಕನ್ನಡಕ್ಕೂ ಮರಾಠಿಗೂ ಇರುವ ದೂರ 896 ಹೆಜ್ಜೆ ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಗಡಿ ವಿವಾದದ ಕುರಿತು ಇಷ್ಟು ಖಚಿತವಾದ ಅಳತೆಯನ್ನು ಬೇರೆ ಯಾರೂ ಕೊಟ್ಟಿರಲಾರರು.

'ಸೂರ್ಯ' ಎಂಬ ಪದವನ್ನು ನೋಡಿ. ಮರಾಠಿಯಲ್ಲಿ ಅಲ್ಲಿನ ರೇಫ ಮುಂದಿನ ಯಕಾರದ ತಲೆಯ ಮೇಲೆ ಕುಡುಗೋಲಿನಂತೆ ಏರಿ ಕೂಡುತ್ತದೆ. ಕನ್ನಡದಲ್ಲಿ ಅದೇ ರೇಫ ಅರ್ಕಾವೊತ್ತಾಗಿ ಯಕಾರದ ಹಿಂದೆ ಸರಿಯುತ್ತದೆ. ಕಣ್ಣಿಗೆ ಇವೆರಡೂ ಬೇರೆ. ಬೆರಳಿಗೆ ಮಾತ್ರ ಒಂದೇ: ಸಕಾರ, ದೀರ್ಘ ಊಕಾರದ ಚಿಹ್ನೆ, ರಕಾರ, ಹಲಂತ, ಯಕಾರ. ನಾವು ಉಚ್ಚರಿಸುವ ಕ್ರಮದಲ್ಲಿಯೇ ಒತ್ತುತ್ತೇವೆ. ಆಯಾ ಲಿಪಿ ತನ್ನ ಸಂಪ್ರದಾಯದಂತೆ ಉಡುಗೆ ತೊಡುತ್ತದೆ. ಅರ್ಕಾವೊತ್ತು ಎಲ್ಲಿ ಬರುತ್ತದೆಂದು ತಿಳಿಯದೆ ಕಂಗೆಡುವ ನಮ್ಮ ಮರಾಠಿ ಮಾಧ್ಯಮದ ಮಕ್ಕಳಿಗೆ ಇದಕ್ಕಿಂತ ಸರಳವಾದ ವ್ಯಾಕರಣ ಪಾಠವನ್ನು ನಾನು ಮೂವತ್ತು ವರ್ಷಗಳಲ್ಲಿ ಕೊಟ್ಟಿಲ್ಲ.

ತೊಡಕು ಇಲ್ಲವೆಂದಲ್ಲ. ಮರಾಠಿಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಅಕ್ಷರಗಳಿಲ್ಲ. ಕನ್ನಡಕ್ಕೆ ಅವು ಬೇಕೇ ಬೇಕು. ಅವುಗಳನ್ನು ಕೀಲಿಮಣೆಯ ಎರಡು ಎಡಮೂಲೆಗಳಲ್ಲಿ, ಒಂದನ್ನು ಕೆಳಗೆ, ಇನ್ನೊಂದನ್ನು ಮೇಲೆ ಒಂದರ ಅಂಕಿಯ ಪಕ್ಕದಲ್ಲಿ ಇರಿಸಿದ್ದಾರೆ. ಮೊದಮೊದಲು ನನ್ನ ಮರಾಠಿ ಬೆರಳುಗಳು ಆ ಮೂಲೆಗಳಿಗೆ ಹೋಗಲು ಒಪ್ಪಲಿಲ್ಲ. "ಶುಲ್ಕ ತುಂಬಲು ಕೋನೇಯ ದಿನ" ಎಂಬ ಸೂಚನಾಪತ್ರವನ್ನು ನಾನೇ ಹಚ್ಚಿದ್ದೇನೆ. "ಸರ್, ಯಾವ ಕೋನದ ದಿನರೀ?" ಎಂದು ವಿದ್ಯಾರ್ಥಿನಿಯೊಬ್ಬಳು ವಿನಯದಿಂದಲೇ ಕೇಳಿದಳು. ಹಳ್ಳಿಯನ್ನು ಹಲ್ಲಿ ಮಾಡಿದವನನ್ನು ಬೈಯುವ ಅಧಿಕಾರ ನನಗೆ ಅಂದೇ ಹೋಯಿತು.

ಕರ್ನಾಟಕದ ಮಿತ್ರರು ಇಲ್ಲಿ ಆಕ್ಷೇಪಿಸುತ್ತಾರೆ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ಇರುವಾಗ, 'ನುಡಿ' ಇರುವಾಗ, 1998ರಿಂದ 'ಬರಹ' ಇರುವಾಗ ಇನ್‌ಸ್ಕ್ರಿಪ್ಟ್ ಏತಕ್ಕೆ? ಆ ಸಾಧನೆಗಳ ಮುಂದೆ ನಾನು ತಲೆಬಾಗುತ್ತೇನೆ. ಕನ್ನಡವೊಂದನ್ನೇ ಬರೆಯುವವರಿಗೆ ರಾವ್ ಅವರ ವಿನ್ಯಾಸ ಅತ್ಯಂತ ಅನುಕೂಲವಾದುದು. ಅಲ್ಲಿ ಅದೇ ಮಾನಕ, ಹಾಗೆಯೇ ಇರಲಿ. ಆದರೆ ನಮ್ಮ ಮಕ್ಕಳು ಮುಂಜಾನೆ ಮರಾಠಿ ಅರ್ಜಿ ಬರೆದು ಮಧ್ಯಾಹ್ನ ಕನ್ನಡ ಪ್ರಬಂಧ ಬರೆಯುವವರು. ಅವರಿಗೆ ಎರಡು ಭಾಷೆಗೆ ಎರಡು ಅಭ್ಯಾಸ ಹೇರಿದರೆ ಒಂದನ್ನು ಬಿಡುತ್ತಾರೆ. ಬಿಡುವುದು ಯಾವುದನ್ನು ಎಂಬುದು ನಮಗೆ ಗೊತ್ತಿದೆ. ಹೊಟ್ಟೆಪಾಡಿನ ಭಾಷೆಯನ್ನು ಯಾರೂ ಬಿಡುವುದಿಲ್ಲ.

"ಈಗ ಮಾತಾಡಿದರ ಸಾಕು, ಮೊಬೈಲ್ ತಾನೇ ಬರೀತದ ಸರ್" ಎನ್ನುವುದು ವಿದ್ಯಾರ್ಥಿಗಳ ಆಕ್ಷೇಪ. ನಾನೂ ಪ್ರಯತ್ನಿಸಿದ್ದೇನೆ. ವಾರ್ತಾವಾಚಕರಂತೆ ಮಾತನಾಡಿದರೆ ಅದು ಚೆನ್ನಾಗಿಯೇ ಬರೆಯುತ್ತದೆ. "ಸಂಜೀಕ ಬಾಜಾರಕ್ಕ ಹೊಂಟೀನಿ, ಬರಾಕ ಉಶೀರ ಆಗತೈತಿ" ಎಂದು ನಮ್ಮೂರ ಕನ್ನಡವನ್ನು ಆಡಿದರೆ ಮಾತ್ರ ಕಿವಿ ಕೇಳದ ಅತಿಥಿಯಂತೆ ತನಗೆ ತೋಚಿದ್ದನ್ನು ಬರೆದು ಸುಮ್ಮನಾಗುತ್ತದೆ. ಮರಾಠಿಯ 'ಉಶೀರ' ನಮ್ಮ ಕನ್ನಡಕ್ಕೆ ಸೊಸೆಯಾಗಿ ಬಂದು ಎಷ್ಟು ತಲೆಮಾರಾಯಿತೋ. ಯಂತ್ರಕ್ಕೆ ಆ ಮದುವೆಯ ಕರೆಯೋಲೆ ಇನ್ನೂ ತಲುಪಿಲ್ಲ. ನಮ್ಮ ಮಾತು ನಮ್ಮ ಬೆರಳುಗಳಿಂದ ಬರೆಯಲ್ಪಟ್ಟಾಗ ಮಾತ್ರ ಯಂತ್ರಗಳಿಗೂ ಅದು ಕಲಿಯಲು ಸಿಗುತ್ತದೆ.

ಕೊನೆಯದಾಗಿ, ಈ ವಾರ್ತಾಪತ್ರದ್ದೇ ಒಂದು ಕಥೆ. ಹಿಂದೊಮ್ಮೆ ನಮ್ಮಲ್ಲಿ ಓದಿದ್ದ, ಈಗ ಜತ್ ಕಡೆ ಶಿಕ್ಷಕಿಯಾಗಿರುವ ಒಬ್ಬಾಕೆ ಕಳೆದ ದೀಪಾವಳಿಯ ರಜೆಯಲ್ಲಿ ವಿಭಾಗಕ್ಕೆ ಬಂದಳು. ಬೀಡಿ ಕಟ್ಟಿ ತನ್ನನ್ನು ಓದಿಸಿದ ತಾಯಿಯ ಕುರಿತು ಆಕೆ 2007ರಲ್ಲಿ ಇದೇ ವಾರ್ತಾಪತ್ರದಲ್ಲಿ ಬರೆದಿದ್ದಳು. ತಾಯಿ ತೀರಿಕೊಂಡಿದ್ದರು, ಮಗಳಿಗೆ ಆ ಲೇಖನ ಬೇಕಿತ್ತು. ಅಚ್ಚಿನ ಪ್ರತಿಯನ್ನು ಗೆದ್ದಲು ತಿಂದಿತ್ತು. ಹಳೆಯ ಸಿ.ಡಿ. ಸಿಕ್ಕಿತು, ಕಡತವೂ ತೆರೆಯಿತು. ಆದರೆ ಪರದೆಯ ಮೇಲೆ ಒಂದು ಕನ್ನಡ ಅಕ್ಷರವೂ ಇರಲಿಲ್ಲ. 'ಕನ್ನಡ' ಎಂಬ ಪದವಿದ್ದಲ್ಲಿ ರೋಮನ್‌ನ 'ಪಿ', ತಲೆಯ ಮೇಲೆ ಗೀಟು ಹೊತ್ತ 'ಎ', ಅದರ ಪಕ್ಕದಲ್ಲಿ ಬ್ರಿಟನ್ನಿನ ಪೌಂಡಿನ ಗುರುತು! ಅಂದಿನ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಅಕ್ಷರಶೈಲಿ ಯಂತ್ರದಲ್ಲಿ ಇಲ್ಲವಾದರೆ ವೇಷ ಕಳಚಿ ಬರಿಯ ರೋಮನ್ ಉಳಿಯುತ್ತದೆ. ನಾವು ಬರೆದದ್ದು ಕನ್ನಡದಂತೆ ಕಾಣುವ ಬೇರೇನೋ ಆಗಿತ್ತು.

ಪರಿವರ್ತಕ ತಂತ್ರಾಂಶವೊಂದರ ಸಹಾಯದಿಂದ ಅದನ್ನು ಯೂನಿಕೋಡಿಗೆ ತಂದೆವು. ಒತ್ತಕ್ಷರಗಳು ಅಲ್ಲಲ್ಲಿ ಜಾರಿದ್ದವು, ಕೆಲವು ಪದಗಳು ಒಡೆದಿದ್ದವು. ನಾವಿಬ್ಬರೂ ಪಕ್ಕಪಕ್ಕ ಕುಳಿತು ಮಧ್ಯಾಹ್ನವೆಲ್ಲ ತಿದ್ದಿದೆವು. ಒಡೆದ ಜಾಗಗಳಲ್ಲಿ ಏನಿತ್ತೆಂದು ಆಕೆ ನೆನಪಿನಿಂದ ಹೇಳಿದಳು. ಒಂದೆಡೆ ಮಾತ್ರ ಆಕೆಗೂ ನೆನಪಾಗಲಿಲ್ಲ. ತಾಯಿ ಆಡುತ್ತಿದ್ದ ಒಂದು ಮಾತು ಅಲ್ಲಿತ್ತು. ಆ ಸಾಲನ್ನು ಖಾಲಿ ಬಿಟ್ಟೇ ಮುದ್ರಿಸಿಕೊಂಡು ಹೋದಳು.

ಆ ಖಾಲಿ ಸಾಲು ನನ್ನನ್ನು ಬಿಡುತ್ತಿಲ್ಲ. ಆದ್ದರಿಂದ ವಿಭಾಗದ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಬರುವ ಸಂಚಿಕೆಯಿಂದ ವಾರ್ತಾಪತ್ರದ ಬರಹಗಳೆಲ್ಲವೂ ಯೂನಿಕೋಡ್‌ನಲ್ಲಿಯೇ ಇರಲಿ. ಅವುಗಳನ್ನು ಬರೆದವರೇ ಬೆರಳಚ್ಚಿಸಲಿ, ಡಿ.ಟಿ.ಪಿ. ಅಂಗಡಿಯ ದಾರಿ ಹಿಡಿಯುವುದು ಬೇಡ. ಪ್ರತಿ ಶನಿವಾರ ಅರ್ಧ ಗಂಟೆ ಗಣಕಯಂತ್ರದ ಕೋಣೆಯನ್ನು ನಮಗೆ ಬಿಟ್ಟುಕೊಡಲಿ. ಕೊಳ್ಳಬೇಕಾದದ್ದು ಏನೂ ಇಲ್ಲ, ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಮೊದಲೇ ಇದೆ. ಕೀಲಿಗಳ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿದರೆ ಸಾಕು.

ಹಳ್ಳಿಯ ಆ ಹುಡುಗ ಈಗ ದ್ವಿತೀಯ ವರ್ಷದಲ್ಲಿದ್ದಾನೆ. ಅವನಿಗೆ ಒಬ್ಬನಿಗೇ ನಾನು ಇನ್‌ಸ್ಕ್ರಿಪ್ಟ್ ಕಲಿಸಿ ನೋಡಿದ್ದೇನೆ. ಮೊನ್ನೆ ಅದೇ ಪ್ರಬಂಧವನ್ನು ಹೊಸದಾಗಿ ಬೆರಳಚ್ಚಿಸಿ ತಂದ. ಪ್ರತಿಯೊಂದು ಳಕಾರವೂ ತನ್ನ ಜಾಗದಲ್ಲಿತ್ತು. ಎರಡನೆಯ ಪುಟದಲ್ಲಿ ಮಾತ್ರ "ಶಾಲೆಯ ಗೋಡೆಯ ಮೇಲೆ ಹಲ್ಲಿ" ಎಂದಿತ್ತು. ನಾನು ಪೆನ್ನು ಎತ್ತಿದೆ.

"ಅದು ಖರೇನ ಹಲ್ಲೀನ ಐತ್ರಿ ಸರ್" ಎಂದ.