ಚಾಲಕನಿಲ್ಲದ ಕಾರು, ಸಂಜೆಯ ದೀಪ

ಖಾಸಗಿ ಕಾರೊಂದು ದಿನದ 24 ಗಂಟೆಗಳಲ್ಲಿ ಓಡುವುದು ಹೆಚ್ಚೆಂದರೆ ಒಂದೆರಡು ಗಂಟೆ. ಉಳಿದ ಕಾಲವೆಲ್ಲ ಅದು ನಿಂತೇ ಇರುತ್ತದೆ. ವಿದ್ಯುತ್ ಕಾರಾದರೆ ಈ ನಿಲುಗಡೆಯನ್ನೇ ಪ್ರಯೋಜನಕ್ಕೆ ತರಬಹುದೆಂಬ ವಿಚಾರವನ್ನು ಅಮೆರಿಕದ ಡೆಲವೇರ್ ವಿಶ್ವವಿದ್ಯಾನಿಲಯದ ವಿಲೆಟ್ ಕೆಂಪ್ಟನ್ ಅವರು 1997ರಲ್ಲಿಯೇ ಸಹೋದ್ಯೋಗಿಯೊಡನೆ ಮಂಡಿಸಿದ್ದರು. ವಿದ್ಯುತ್ತು ಹೇರಳವಾಗಿರುವಾಗ ಬ್ಯಾಟರಿಯನ್ನು ತುಂಬಿಸುವುದು, ಅಭಾವದ ವೇಳೆಯಲ್ಲಿ ಜಾಲಕ್ಕೆ ಹಿಂದಿರುಗಿಸುವುದು, ಇಷ್ಟೇ ಅದರ ಸಾರ. ಹಗೇವಿನಲ್ಲಿ ಜೋಳ ತುಂಬಿಟ್ಟು ಬರಗಾಲದಲ್ಲಿ ತೆರೆಯುತ್ತಿದ್ದ ನಮ್ಮ ಹಿರಿಯರಿಗೆ ಇದು ಅಷ್ಟೇನೂ ಹೊಸತಾಗಿ ತೋರುತ್ತಿರಲಿಲ್ಲ.

ನೆದರ್ಲೆಂಡ್ಸ್ ದೇಶದ ಉಟ್ರೆಕ್ಟ್ ನಗರದಲ್ಲಿ 2025ರಲ್ಲಿ ಹಂಚಿಕೆಯ ಕಾರುಗಳ ಮೂಲಕ ಇದು ಕಾರ್ಯಗತವಾಯಿತು. ಮೊದಲಿಗೆ 50 ರೆನೋ ಕಾರುಗಳು, ಮುಂದೆ 500 ಎಂಬುದು ಯೋಜನೆ. ಅಂಥ ಕಾರಿನ ಬ್ಯಾಟರಿ 50 ಯೂನಿಟ್ ಹಿಡಿದರೆ, ದಿನಕ್ಕೆ 5 ಯೂನಿಟ್ ಬಳಸುವ ಮನೆಗೆ ಅದು ಹತ್ತು ದಿನಗಳ ವಿದ್ಯುತ್ತು.

ಉಟ್ರೆಕ್ಟಿನ ಕಾರುಗಳನ್ನು ಮನುಷ್ಯರೇ ನಡೆಸುತ್ತಾರೆ. ಚಾಲಕನೇ ಇಲ್ಲದ ಬಾಡಿಗೆ ಕಾರುಗಳನ್ನು ವೇಮೊ ಸಂಸ್ಥೆಯು ಅಮೆರಿಕದ ಫೀನಿಕ್ಸ್‌ನಲ್ಲಿ 2020ರಲ್ಲಿಯೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2024ರಲ್ಲಿಯೂ ಸರ್ವರಿಗೂ ತೆರೆಯಿತು. ಈ ಎರಡೂ ಕೂಡಿದರೆ ಕಾರುಗಳ ಸಂಖ್ಯೆಯೂ ತಗ್ಗುವುದು, ವಿದ್ಯುತ್ ಜಾಲಕ್ಕೂ ಆಸರೆ ದೊರೆಯುವುದು ಎಂದು ಉತ್ಸಾಹಿಗಳು ಹೇಳುತ್ತಾರೆ. ನನಗೆ ಈ ಲೆಕ್ಕ ಒಪ್ಪಿಗೆಯಾಗದು. ಒಂದೇ ಹಣವನ್ನು ಎರಡು ಖಾತೆಗಳಲ್ಲಿ ಜಮೆ ಬರೆದಂತಿದೆ ಅದು.

ಹಂಚಿಕೆಯ ಕಾರಿನ ಗುಣವೇ ನಿಲ್ಲದೆ ದುಡಿಯುವುದು. ಹತ್ತು ಕಾರುಗಳ ಕೆಲಸವನ್ನು ಎರಡೇ ಮಾಡಿದರೆ ಎಂಟು ಬ್ಯಾಟರಿಗಳು ಇಲ್ಲವಾದುವು, ಉಳಿದೆರಡು ಬೀದಿಯಲ್ಲಿವೆ. ಮೇಲಾಗಿ, ಜನರು ಮನೆಗೆ ಮರಳುವ ವೇಳೆಯೂ ಮನೆಮನೆಯಲ್ಲಿ ದೀಪ ಹೊತ್ತುವ ವೇಳೆಯೂ ಒಂದೇ. ರಸ್ತೆಗೆ ಬೇಕಾದ ಹೊತ್ತಿನಲ್ಲೇ ಕಾರು ಜಾಲಕ್ಕೂ ಬೇಕು. ಆಗ ಪ್ರಯಾಣಿಕನ ಬಾಡಿಗೆಯೇ ಹೆಚ್ಚು ಲಾಭಕರವಾದರೆ ಸಂಸ್ಥೆ ಯಾವುದನ್ನು ಆರಿಸೀತು?

ಹಾಗಾದರೆ ಜಾಲಕ್ಕೆ ಲಾಭವೇ ಇಲ್ಲವೆ? ಇದೆ. ಬ್ಯಾಟರಿಯನ್ನು ಯಾವ ಹೊತ್ತಿನಲ್ಲಿ ತುಂಬಿಸುತ್ತೇವೆಂಬುದರಲ್ಲಿ ಅದು ಅಡಗಿದೆ. ಖಾಸಗಿ ಕಾರಿನ ಒಡೆಯನು ಸಂಜೆ ಮನೆಗೆ ಬಂದೊಡನೆ ಪ್ಲಗ್ ಸಿಕ್ಕಿಸುತ್ತಾನೆ. ಚಾಲಕರಹಿತ ಕಾರಾದರೋ, ಬೆಳಗಿನ ದಟ್ಟಣೆ ಮುಗಿದೊಡನೆ, ಸೌರವಿದ್ಯುತ್ತು ಉಕ್ಕುವ ನಡುಹಗಲಿನಲ್ಲಿ ತಾನೇ ಚಾರ್ಜಿಂಗ್ ಕೇಂದ್ರಕ್ಕೆ ಹೋಗಬಲ್ಲುದು. ಆದರೆ ಇದು ತಾನಾಗಿ ಆಗತಕ್ಕದ್ದಲ್ಲ. ಪರವಾನಗಿ ನೀಡುವಾಗಲೇ ಸರಕಾರವು ಷರತ್ತಾಗಿ ವಿಧಿಸಬೇಕು.

ಕಾರು ಮತ್ತು ಜಾಲ ಒಂದಕ್ಕೊಂದು ಹೆಣೆದುಕೊಂಡಂತೆ ಅಪಾಯವೂ ಹೆಣೆದುಕೊಳ್ಳುತ್ತದೆ. 2025ರ ಡಿಸೆಂಬರ್ 20ರಂದು ಸ್ಯಾನ್ ಫ್ರಾನ್ಸಿಸ್ಕೋದ ವಿದ್ಯುತ್ ಉಪಕೇಂದ್ರವೊಂದರಲ್ಲಿ ಬೆಂಕಿ ಬಿದ್ದು ಲಕ್ಷಕ್ಕೂ ಮಿಕ್ಕ ಗ್ರಾಹಕರಿಗೆ ವಿದ್ಯುತ್ತು ತಪ್ಪಿತು. ಆರಿದ ಸಿಗ್ನಲ್ ದೀಪಗಳ ಮುಂದೆ ಚಾಲಕರಹಿತ ಕಾರುಗಳು ನಿಂತಲ್ಲೇ ನಿಂತುವು. ಬ್ಯಾಟರಿಯಲ್ಲಿ ಶಕ್ತಿಯಿದ್ದೂ ಮುಂದೆ ಸಾಗಲಾರದೆ ಹೋದವು.

ನಮ್ಮ ರಸ್ತೆಗಳಿಗೆ ಅಂಥ ಕಾರು ಬರುವುದು ದೂರದ ಮಾತು. ಲಕ್ಷಾಂತರ ಚಾಲಕರ ಅನ್ನದ ಪ್ರಶ್ನೆಯಾದುದರಿಂದ ಅವಸರವೂ ಬೇಡ. ಆದರೆ ನಡುಹಗಲಿನ ಬಿಸಿಲು ನಮ್ಮಲ್ಲಿ ಈಗಾಗಲೇ ವಿದ್ಯುತ್ತಾಗುತ್ತಿದೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರವಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ದಾರಿಯ ಹಳ್ಳಿಗಳು ಬಹುಕಾಲ ಕತ್ತಲೆಯಲ್ಲೇ ಉಳಿದುವು. ಪಾವಗಡದ ಬಿಸಿಲು ನಗರದ ವಾಹನಗಳಿಗೆ ಹಗಲಿನಲ್ಲಿ ಸಲ್ಲಲಿ. ಸಂಜೆಯ ತಂತಿ ಹಳ್ಳಿಯಲ್ಲಿ ಓದಲು ಕುಳಿತ ಮಗುವಿನ ದೀಪಕ್ಕೆ ಉಳಿಯಲಿ. ಚಾರ್ಜಿಂಗ್ ಕೇಂದ್ರಗಳಿಗೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಕಡಿಮೆ ದರವಿರಬೇಕೆಂದು ಕೇಂದ್ರ ಸರಕಾರದ 2024ರ ಮಾರ್ಗಸೂಚಿಯೇ ಹೇಳಿದೆ. ವಿದ್ಯುತ್ ಬಸ್ಸು, ಆಟೋಗಳ ವಿಷಯದಲ್ಲಿ ಅದನ್ನು ನಿಷ್ಠೆಯಿಂದ ಜಾರಿಗೆ ತರಲು ಯಾವ ಚಾಲಕನನ್ನೂ ಆಸನದಿಂದ ಇಳಿಸಬೇಕಾಗಿಲ್ಲ.