ಹೋರಿ ಹಾಲು ಕೊಡಲ್ಲ, ಕುದುರೆ ಓಡುತ್ತೆ

ನಾವು ಎರಡು ಡಾಲರ್ ಕಳ್ಕೊಂಡ ಕಥೆಯಿಂದ ಈ ಸಂಚಿಕೆ ಶುರು ಮಾಡೋಣ.

ಸಿಯಾಟಲ್‌ನಿಂದ ದಕ್ಷಿಣಕ್ಕೆ, ಆಬರ್ನ್‌ನಲ್ಲಿ ಎಮರಾಲ್ಡ್ ಡೌನ್ಸ್ ಅನ್ನೋ ರೇಸ್ ಕೋರ್ಸ್ ಇದೆ. ರೆಂಟನ್‌ನಲ್ಲಿದ್ದ ಹಳೆಯ ಲಾಂಗೇಕರ್ಸ್ 1992ರಲ್ಲಿ ಮುಚ್ಚಿಹೋಯ್ತು. ಅದಾದ ಮೇಲೆ, 1996ರಲ್ಲಿ ಶುರುವಾದದ್ದು ಇದು. ಹೋದ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಹೋಗಿದ್ವಿ. ಅಲ್ಲಿ ಕೊಡೋ ಪುಸ್ತಕದಲ್ಲಿ ಪ್ರತಿ ಕುದುರೆಯ ಅಪ್ಪ, ಅಮ್ಮ, ಅಮ್ಮನ ಅಪ್ಪ, ಮೂವರ ಹೆಸರೂ ಇರುತ್ತೆ. ನಾವು ಜೀವವಿಜ್ಞಾನ ಓದಿದವರು, ಡಾಕ್ಟರೇಟ್ ಬೇರೆ. ಅಪ್ಪನ ಹೆಸರು ದೊಡ್ಡದು ಅಂತ ಒಂದು ಕುದುರೆ ಮೇಲೆ ದುಡ್ಡು ಕಟ್ಟಿದ್ವಿ. ಅದು ಕೊನೆಯಿಂದ ಎರಡನೆಯದಾಗಿ ಬಂತು. "ಅದರ ಅಪ್ಪ ಚೆನ್ನಾಗಿ ಓಡ್ತಿತ್ತು ಅಂದ್ರಲ್ಲ?" ಅಂತ ಮಗಳು ಕೇಳಿದಳು. ಈ ಸಂಚಿಕೆ ಅವಳಿಗೆ ಕೊಡಬೇಕಾದ ಉತ್ತರ.

ಥರೋಬ್ರೆಡ್ ಗಂಡು ಕುದುರೆಯೊಂದು ರೇಸ್ ಬಿಟ್ಟು ಬೀಜದ ಕುದುರೆ ಆದಾಗ ಅದರ ಯೋಗ್ಯತೆ ಅಳೆಯೋದು ಹೇಗೆ? ಇದಕ್ಕೆ ಉತ್ತರ ನಮ್ಮೂರಿನ ಹಸು ಸಾಕೋರಿಗೆ ಯಾವತ್ತೋ ಗೊತ್ತು. ಹೆಸರಘಟ್ಟದ ವೀರ್ಯ ಕೇಂದ್ರದಿಂದ ಬರೋ ಕಡ್ಡಿ ಹಾಕಿಸುವಾಗ ಹೋರಿ ಎಷ್ಟು ಹಾಲು ಕೊಡುತ್ತೆ ಅಂತ ಯಾರೂ ಕೇಳಲ್ಲ. ಅದರ ತಾಯಿ ಎಷ್ಟು ಕರೀತಿತ್ತು, ಹೆಣ್ಣುಮಕ್ಕಳು ಎಷ್ಟು ಕರೀತಾವೆ ಅಂತ ಕೇಳ್ತಾರೆ. ಹೋರಿ ಹಾಲು ಕೊಡಲ್ಲವಾದ್ದರಿಂದ ಅದರ ಮೈಕಟ್ಟಿಗೆ ನಾವು ಮೋಸ ಹೋಗೋದು ಕಷ್ಟ. ಕುದುರೆಯ ಕಥೆ ಹಾಗಲ್ಲ, ಅದು ತಾನೇ ಓಡುತ್ತೆ, ಟಿವಿಯಲ್ಲಿ ಬರುತ್ತೆ, ಕಪ್ ಗೆಲ್ಲುತ್ತೆ. ಆ ಓಟ ನೋಡಿದ ಕಣ್ಣಿಗೆ ಮಕ್ಕಳ ಲೆಕ್ಕ ಕಾಣೋದೇ ಇಲ್ಲ.

ಎರಡು ಕುದುರೆಗಳ ಉದಾಹರಣೆ ತಗೊಳ್ಳೋಣ. ಒಂದು, ನಮ್ಮೂರಿನ ಹೆಸರು ಹೊತ್ತ ಸಿಯಾಟಲ್ ಸ್ಲೂ. ಹುಟ್ಟಿದ್ದು 1974ರಲ್ಲಿ, ಕೆಂಟಕಿಯಲ್ಲಿ. ಕೊಂಡವರಲ್ಲಿ ಟೇಲರ್ ದಂಪತಿ ಇದೇ ವಾಷಿಂಗ್ಟನ್ ರಾಜ್ಯದ ವೈಟ್ ಸ್ವಾನ್‌ನವರು. ಒಂದು ವರ್ಷದ ಮರಿಯಾಗಿದ್ದಾಗ ಹರಾಜಿನಲ್ಲಿ ಸಿಕ್ಕ ಬೆಲೆ 17,500 ಡಾಲರ್. 1977ರಲ್ಲಿ ಅದು ಒಂದೂ ರೇಸ್ ಸೋಲದೆ ಟ್ರಿಪಲ್ ಕ್ರೌನ್ ಗೆದ್ದಿತು. 1978ರಲ್ಲಿ ಅದಕ್ಕೆ ಕಟ್ಟಿದ ಬೆಲೆ 1 ಕೋಟಿ 20 ಲಕ್ಷ ಡಾಲರ್. ಗಮನಿಸಿ, ಆಗ ಅದಕ್ಕೆ ಒಂದು ಮರಿಯೂ ಹುಟ್ಟಿರಲಿಲ್ಲ.

ಇನ್ನೊಂದು, 1973ರ ಸೆಕ್ರೆಟೇರಿಯಟ್. ಬೆಲ್ಮಾಂಟ್ ರೇಸನ್ನು 31 ಕುದುರೆಯುದ್ದ ಮುಂದಿದ್ದು ಗೆದ್ದ ಕುದುರೆ. ಅದಕ್ಕೂ ಮರಿಗಳ ಮುಖ ನೋಡೋ ಮೊದಲೇ 60 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆ ಕಟ್ಟಿದ್ದರು.

ಸಿಯಾಟಲ್ ಸ್ಲೂ ಮರಿಗಳು ಗೆದ್ದವು. 1984ಕ್ಕೆ ಅದು ಅಮೆರಿಕದ ನಂಬರ್ ಒನ್ ಬೀಜದ ಕುದುರೆ ಆಯ್ತು. ಸೆಕ್ರೆಟೇರಿಯಟ್‌ಗೆ ಆರುನೂರಕ್ಕೂ ಹೆಚ್ಚು ಮರಿಗಳು. ಒಳ್ಳೊಳ್ಳೆ ಮಕ್ಕಳೇ ಹುಟ್ಟಿದವು, ಆದರೆ ಇನ್ನೊಂದು ಸೆಕ್ರೆಟೇರಿಯಟ್ ಹುಟ್ಟಲಿಲ್ಲ. "ಓಟಗಾರನಾಗಿ ದೇವರು, ಅಪ್ಪನಾಗಿ ಸೋತವನು" ಅನ್ನೋ ಮಾತು ಅದಕ್ಕೆ ಅಂಟಿಕೊಂಡಿತು. 1989ರಲ್ಲಿ ಅದು ಸತ್ತುಹೋಯ್ತು.

ಅದೇ ವರ್ಷ ಅದರ ಮಗಳು ವೀಕೆಂಡ್ ಸರ್ಪ್ರೈಸ್ ಒಂದು ಗಂಡು ಮರಿ ಹಾಕಿದಳು. ಆ ಮರಿಯ ಅಪ್ಪ ನಮ್ಮ ಸಿಯಾಟಲ್ ಸ್ಲೂ, ಮರಿಯ ಹೆಸರು ಎ.ಪಿ. ಇಂಡಿ. ಅದು 1992ರಲ್ಲಿ ಬೆಲ್ಮಾಂಟ್ ಗೆದ್ದಿತು, ವರ್ಷದ ಕುದುರೆ ಅನಿಸಿಕೊಂಡಿತು, ಮುಂದೆ 2003 ಮತ್ತು 2006ರಲ್ಲಿ ತಾನೇ ನಂಬರ್ ಒನ್ ಬೀಜದ ಕುದುರೆಯಾಯ್ತು. 1992ರಲ್ಲೇ ಸೆಕ್ರೆಟೇರಿಯಟ್, ಸತ್ತು ಮೂರು ವರ್ಷದ ಮೇಲೆ, ಹೆಣ್ಣುಮಕ್ಕಳ ಮರಿಗಳ ಲೆಕ್ಕದಲ್ಲಿ ಅಮೆರಿಕದಲ್ಲೇ ಮೊದಲ ಸ್ಥಾನಕ್ಕೆ ಬಂತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತೀವಲ್ಲ, ಇಲ್ಲಿ ಆ ನೂಲು ಅಜ್ಜನ ಮನೆಯಿಂದ ಬಂದಿತ್ತು. "ಸೋತವನು" ಅಂದ ತೀರ್ಪು ಅವಸರದ್ದು.

ಹಾಗಾದ್ರೆ ಸರಿಯಾದ ಅಳತೆ ಯಾವುದು? ಕುದುರೆ ಉದ್ಯಮದಲ್ಲೇ ಎರಡು ಸೂಚ್ಯಂಕಗಳಿವೆ. ಮೊದಲನೆಯದು ಸರಾಸರಿ ಗಳಿಕೆ ಸೂಚ್ಯಂಕ. ಒಂದು ಗಂಡು ಕುದುರೆಯ ಮಕ್ಕಳು ಗಳಿಸಿದ್ದನ್ನು ಎಲ್ಲ ಕುದುರೆಗಳ ಸರಾಸರಿ ಗಳಿಕೆಗೆ ಹೋಲಿಸ್ತಾರೆ. ಸರಾಸರಿ ಅಂದ್ರೆ 1. ಎರಡು ಬಂತು ಅಂದ್ರೆ ದುಪ್ಪಟ್ಟು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕೋದು ಇದನ್ನೇ.

ಆದರೆ ಪಿಯು ಕಾಲೇಜಿನ ಫ್ಲೆಕ್ಸ್ ನೆನಪು ಮಾಡ್ಕೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಮೇಲೆ ತಗೊಂಡವರನ್ನೇ ಸೇರಿಸ್ಕೊಂಡು, ಎರಡು ವರ್ಷ ಆದ್ಮೇಲೆ "ನಮ್ಮಲ್ಲಿ ಇಷ್ಟು ರ‍್ಯಾಂಕ್" ಅಂತ ಸರ್ಕಲ್‌ನಲ್ಲಿ ಕಟ್ತಾರಲ್ಲ, ಅದು. ಅದರಲ್ಲಿ ಕಾಲೇಜಿನ ಪಾಲೆಷ್ಟು, ಮಕ್ಕಳದೆಷ್ಟು? ಹೆಸರು ಮಾಡಿದ ಗಂಡು ಕುದುರೆಗೆ ದೇಶದ ಅತ್ಯುತ್ತಮ ಹೆಣ್ಣು ಕುದುರೆಗಳೇ ಬರ್ತಾವೆ. ಮರಿಗೆ ಅಪ್ಪನ ಜೀನ್‌ಗಳಲ್ಲಿ ಅರ್ಧ, ಅದೂ ಕಲಸಿ ಹಂಚಿದ ಇಸ್ಪೀಟಿನ ಎಲೆಯ ಹಾಗೆ ಯಾವ ಅರ್ಧವೋ. ಇನ್ನರ್ಧ ಅಮ್ಮನದು.

ಅದಕ್ಕೇ ಎರಡನೆಯ ಸೂಚ್ಯಂಕ, ಹೋಲಿಕೆಯದು. ಇದೇ ಹೆಣ್ಣು ಕುದುರೆಗಳು ಬೇರೆ ಗಂಡುಗಳಿಗೆ ಹಾಕಿದ ಮರಿಗಳು ಎಷ್ಟು ಗಳಿಸಿದವು ಅನ್ನೋದು. ಲೆಕ್ಕಕ್ಕೆ ಅಂತ ಹೇಳ್ತೀವಿ: ಒಂದು ಕುದುರೆಯ ಮೊದಲ ಅಂಕ 2, ಎರಡನೆಯದು 2.5 ಆದ್ರೆ ಅದು ಒಳ್ಳೆ ತಾಯಂದಿರಿಂದ ಕಡಿಮೆ ಫಲ ತೆಗೆದಿದೆ. ಇನ್ನೊಂದರದು 1.4 ಮತ್ತು 1 ಆದ್ರೆ ಅದು ಸಾಧಾರಣ ತಾಯಂದಿರ ಮರಿಗಳನ್ನ ಮೇಲೆತ್ತಿದೆ. ನಾವಾದ್ರೆ ಎರಡನೆಯದನ್ನೇ ಆರಿಸ್ತೀವಿ. ಇಲ್ಲೂ ಒಂದು ಎಚ್ಚರ: ಒಂದೇ ಮರಿ ಕೋಟಿ ಗಳಿಸಿ ಸರಾಸರಿಯನ್ನ ಎಳೆದುಬಿಡಬಹುದು. ಹಾಗಾಗಿ ನೂರು ಮರಿಗಳಲ್ಲಿ ಎಷ್ಟು ಓಡಿದವು, ಎಷ್ಟು ಗೆದ್ದವು ಅಂತಲೂ ಕೇಳಬೇಕು.

ಮಾರುಕಟ್ಟೆಯ ಬೆಲೆ ಇದನ್ನೆಲ್ಲ ಲೆಕ್ಕ ಹಾಕಿರಲ್ವಾ ಅಂತ ನೀವು ಕೇಳಬಹುದು. 2008ರಲ್ಲಿ ಅಲಸ್ಟೇರ್ ವಿಲ್ಸನ್ ಮತ್ತು ಆಂಡ್ರ್ಯೂ ರಾಂಬೋ ಇದನ್ನೇ ಪರೀಕ್ಷಿಸಿದರು. ಕುದುರೆಗಳ ಜೀವಮಾನದ ಗಳಿಕೆಯಲ್ಲಿ ಕಾಣೋ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಸುಮಾರು ಶೇಕಡಾ 10. ದುಬಾರಿ ಗಂಡಿನ ಮರಿಗಳು ಹೆಚ್ಚು ಗಳಿಸೋದು ನಿಜ. ಆದರೆ ಆ ಶುಲ್ಕ ಕಟ್ಟೋ ಶಕ್ತಿ ಇದ್ದವರಿಗೆ ಒಳ್ಳೆ ತರಬೇತುದಾರ, ಒಳ್ಳೆ ಜಾಕಿ, ಒಳ್ಳೆ ಆರೈಕೆಯೂ ಎಟುಕುತ್ತೆ. ಶುಲ್ಕ ನೋಡಿ ಜೀನ್ ಅಳೆಯೋಕೆ ಆಗಲ್ಲ ಅನ್ನೋದು ಅವರ ತೀರ್ಮಾನ. ಗಳಿಕೆ ಬಿಟ್ಟು ಓಟದ ರೇಟಿಂಗ್ ಅಳತೆ ಮಾಡಿದ 1988ರ ಇನ್ನೊಂದು ಅಧ್ಯಯನದಲ್ಲಿ ಈ ಪಾಲು ಸುಮಾರು 36 ಬಂದಿತ್ತು. ಅಂದ್ರೆ ಜೀನ್ ಮುಖ್ಯವೇ, ಆದರೆ ಬೆಲೆಚೀಟಿ ಅದನ್ನ ತೋರಿಸ್ತಿಲ್ಲ.

ದುಡ್ಡಿದ್ದವರು ಕಳ್ಕೊಳ್ಳಲಿ, ನಮಗೇನು? ಏನಪ್ಪಾ ಅಂದ್ರೆ, ನಿಜವಾದ ಬೆಲೆ ತೆರೋದು ಕುದುರೆಗಳು. ಹೆಣ್ಣು ಕುದುರೆ ಗಬ್ಬ ಹೊರೋದು ಹನ್ನೊಂದು ತಿಂಗಳು. ಮರಿ ಓಡೋಕೆ ಎರಡು ವರ್ಷ ಆಗಬೇಕು. ಮಕ್ಕಳ ಫಲಿತಾಂಶ ಬರೋಕೆ ಮೂರ್ನಾಲ್ಕು ವರ್ಷ ಬೇಕು. ಅಷ್ಟರೊಳಗೆ ಹೆಸರಿನ ಹಿಂದೆ ಎಲ್ಲರೂ ಓಡಿ, ಒಂದೇ ಗಂಡಿಗೆ ಒಂದೇ ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಹೆಣ್ಣು ಕೊಡಿಸ್ತಾರೆ. ಥರೋಬ್ರೆಡ್‌ಗಳ ವಂಶಪುಸ್ತಕ ಮೊದಲೇ ಮುಚ್ಚಿದ್ದು, ಹೊರಗಿನ ರಕ್ತ ಬರೋ ಹಾಗಿಲ್ಲ. ಕಳೆದ ಐದು ದಶಕಗಳಲ್ಲಿ ಒಳಸಂತಾನ ಹೆಚ್ಚಿದೆ ಅಂತ 2020ರ ಜೀನೋಮ್ ಅಧ್ಯಯನ ತೋರಿಸಿತು. ಅದೇ ವರ್ಷ ಅಮೆರಿಕದ ಜಾಕಿ ಕ್ಲಬ್ ಒಂದು ಗಂಡಿಗೆ ವರ್ಷಕ್ಕೆ 140 ಹೆಣ್ಣು ಅಂತ ಮಿತಿ ಹಾಕಿತು. ಮೊಕದ್ದಮೆ, ವಿರೋಧ ಎಲ್ಲ ಬಂದು 2022ರಲ್ಲಿ ವಾಪಸ್ ತಗೊಂಡಿತು. ಅದು ತಪ್ಪು ಅನ್ನೋದು ನಮ್ಮ ಅಭಿಪ್ರಾಯ. ಯಾವುದು ಒಳ್ಳೆ ಅಪ್ಪ ಅಂತ ಗೊತ್ತಾಗೋ ಮೊದಲೇ ಇಡೀ ತಳಿಯನ್ನ ನಾಲ್ಕು ಹೆಸರುಗಳ ಮೇಲೆ ಪಣಕ್ಕಿಡೋದು ಜೂಜು. ರೇಸಿನ ದಿನ ನಾವು ಕಟ್ಟಿದ್ದು ಎರಡು ಡಾಲರ್, ಇವರು ಕಟ್ತಿರೋದು ಒಂದು ತಳಿಯ ವೈವಿಧ್ಯವನ್ನ.

ಮಿತಿ ಮತ್ತೆ ಬರಲಿ. ಜಾಹೀರಾತಿನಲ್ಲಿ ಎರಡೂ ಸೂಚ್ಯಂಕ ಒಂದೇ ಗಾತ್ರದ ಅಕ್ಷರದಲ್ಲಿ ಅಕ್ಕಪಕ್ಕ ಇರಲಿ. ಒಂದೆರಡು ಕುದುರೆ ಸಾಕಿಕೊಂಡಿರೋ ಸಣ್ಣವರು ಹೆಸರಿಗಿಂತ ತಾಯಿಯ ಮನೆ ನೋಡಲಿ.

ಬೆಂಗಳೂರಿಂದ ಹಾಸನಕ್ಕೆ ಹೋಗುವಾಗ ಕುಣಿಗಲ್‌ನ ಸ್ಟಡ್ ಫಾರ್ಮ್ ನೀವೂ ದಾಟಿರ್ತೀರಿ, ಟಿಪ್ಪು ಕಾಲದಿಂದ ಕುದುರೆಯ ನಂಟಿರೋ ಜಾಗ. ಅಲ್ಲಿ ಕೆಲಸ ಮಾಡಿದವರು ನಮ್ಮ ಕೇಳುಗರಲ್ಲಿದ್ದರೆ ದಯವಿಟ್ಟು ಬರೀರಿ. ನೀವು ಕುದುರೆಯಲ್ಲಿ ಮೊದಲು ಏನು ನೋಡ್ತಿದ್ರಿ ಅಂತ ತಿಳ್ಕೊಳ್ಳೋ ಆಸೆ ನಮಗಿದೆ.

ಮಗಳಿಗೆ ನಾವು ಕೊಟ್ಟ ಉತ್ತರ ಇಷ್ಟೇ: ಅಪ್ಪ ಓಡಿದ್ದು ಅಪ್ಪನ ಓಟ ಕಣಮ್ಮ. ಮುಂದಿನ ಸಲ ಪುಸ್ತಕದಲ್ಲಿ ಅಮ್ಮನ ಹೆಸರೂ ಓದೋಣ.