ಬಣ್ಣದಲ್ಲೂ ಪ್ರಾಮಾಣಿಕತೆ ಇರಲಿ

“ಮಗಳು ಕ್ಯಾನ್ವಾಸ್ ಮೇಲೆ ‘ಬಿಸ್ಮಿಲ್ಲಾಹ್’ ಬರೆಯುತ್ತಾಳೆ. ಯಾವ ಅಕ್ರಿಲಿಕ್ ಬಣ್ಣ ಕೊಡಿಸಲಿ?” ಎಂದು ಕೊಟ್ಟೂರಿನ ಸಹೋದರಿಯೊಬ್ಬರು ಕೇಳಿದ್ದಾರೆ.

ಕಲಿಯುವಾಗ ವಿದ್ಯಾರ್ಥಿ ದರ್ಜೆಯದೇ ಸಾಕು. ಅದರಲ್ಲಿ ವರ್ಣದ್ರವ್ಯ ಕಡಿಮೆ, ಫಿಲ್ಲರ್ ಹೆಚ್ಚು. ಹೀಗಾಗಿ ಎರಡು ಮೂರು ಸಲ ಬಳಿಯಬೇಕಾದೀತು. ಕೆಲವು ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ. ಆದರೂ ಅಭ್ಯಾಸದ ಹಾಳೆಗೆ ದುಬಾರಿ ಟ್ಯೂಬ್ ಸುರಿಯುವುದು ಇಸ್ರಾಫ್, ಅಂದರೆ ದುಂದು.

ಹಣ ಪಡೆದು ಹಡಗಲಿಗೋ ಹರಪನಹಳ್ಳಿಗೋ ಫ್ರೇಮ್ ಕಳಿಸುವುದಾದರೆ ಲೆಕ್ಕ ಬೇರೆ. ಬಣ್ಣದ ಗುಣ ಕೊಳ್ಳುವವರ ಕಣ್ಣಿಗೆ ಕಾಣದು. ಅಗ್ಗದ್ದು ಬಳಸಿದ್ದರೆ ಹಾಗೆಂದು ಹೇಳಿ ಬೆಲೆ ಇಳಿಸಲಿ. ಬಾಳಿಕೆಯ ಮಾತು ಕೊಟ್ಟಿದ್ದರೆ, ಬೆಳಕು ತಡೆಯುವ ಗುರುತು ನೋಡಿ ಕಲಾವಿದ ದರ್ಜೆಯದನ್ನೇ ಕೊಳ್ಳಲಿ. ಒದ್ದೆ ಧಾನ್ಯವನ್ನು ಅಡಿಯಲ್ಲಿ ಮುಚ್ಚಿಟ್ಟು ಮಾರುತ್ತಿದ್ದವನನ್ನು ಪ್ರವಾದಿ(ಸ)ರು ಎಚ್ಚರಿಸಿದ್ದು ಇದಕ್ಕಾಗಿಯೇ ಅಲ್ಲವೇ?